ಕೂಡು ಕೊಳವೆ

ಇದು ನಡೆದ ಕಥೆ. ಕಟ್ಟಿ ಹೇಳುವುದೇ ಆಗಿದ್ದರೆ ಒಬ್ಬ ರಾಜಕುಮಾರಿ, ಒಂದು ಮಾತಾಡುವ ಕುದುರೆ, ಏಳು ಬೀಗದ ಕೋಟೆ ಇಟ್ಟುಕೊಂಡು ಹೇಳುತ್ತಿದ್ದೆ. ಬಚ್ಚಲ ನೀರು ಹೋಗುವ ಕೊಳವೆ ಇಟ್ಟುಕೊಂಡು ಯಾವ ಮೂರ್ಖ ಸುಳ್ಳು ಹೇಳುತ್ತಾನೆ? ಕೊಕಂದ್ ಊರಿನ ನಮ್ಮ ಓಣಿಯಲ್ಲಿ, ನೀಲಿ ಗೇಟಿನ ಮನೆಯಲ್ಲಿ, ಹೋದ ಚಳಿಗಾಲ ನಡೆದದ್ದು. ಅನುಮಾನವಿದ್ದವರು ಹೋಗಿ ವಿಚಾರಿಸಬಹುದು. ಒಳಗೆ ಕರೆದು ಚಹಾ ಕೊಡುತ್ತಾರೆ. ಬಟ್ಟಲು ಎಲ್ಲಿ ತೊಳೆಯುತ್ತೀರಿ ಎಂದು ಮಾತ್ರ ಕೇಳಬೇಡಿ.

ಆ ಮನೆಯ ಹಿರಿಯಳು ರಿಸೋಲತ್ ಅಜ್ಜಿ. ದೊಡ್ಡ ಮಗ ಅಬ್ರೋರ್ ಶಾಲೆಯಲ್ಲಿ ಭೂಗೋಳದ ಮೇಷ್ಟ್ರು. ತರಗತಿಯಲ್ಲಿ ಖಂಡಗಳನ್ನೇ ಅಲ್ಲಾಡಿಸುವವನು, ಮನೆಯಲ್ಲಿ ಒಂದು ಮಣೆಯನ್ನೂ ಆಚೀಚೆ ಸರಿಸಲಾರದವನು. ಅವನ ಹೆಂಡತಿ ಮವ್ಲುದಾ. ಮಗಳು ಮುನೀಸಾ ಹೈಸ್ಕೂಲು ಮುಟ್ಟಿದ್ದರೂ ಓಣಿಯವರ ಬಾಯಲ್ಲಿ ಮವ್ಲುದಾ ಇನ್ನೂ 'ಹೊಸ ಸೊಸೆ'ಯೇ. ಅವಳ ನಂತರ ಆ ಮನೆಗೆ ಇನ್ನೊಬ್ಬಳು ಬರಲಿಲ್ಲವಲ್ಲ! ಬರಬೇಕಾಗಿದ್ದದ್ದು ಚಿಕ್ಕ ಮಗ ಇಲ್ಹೋಮನ ಕೈಹಿಡಿದು. ಇಲ್ಹೋಮ್ ಮದುವೆ ಮನೆಗಳಲ್ಲಿ ಮೈಕು ಹಿಡಿದು ಜನರನ್ನು ನಗಿಸುವ ಕೆಲಸದವನು. ಊರಿನ ಮದುವೆಗಳನ್ನೆಲ್ಲ ನಡೆಸಿಕೊಟ್ಟ, ತನ್ನದೊಂದನ್ನು ಬಿಟ್ಟು. ಯಾರದೇ ದನಿಯನ್ನು ಒಮ್ಮೆ ಕೇಳಿದರೆ ಸಾಕು, ಅದು ಅವನ ಗಂಟಲಲ್ಲಿ ಬಾಡಿಗೆಗೆ ಬಂದು ಕೂರುತ್ತಿತ್ತು. ಹೆಣ್ಣು ನೋಡಲು ಹೋದಲ್ಲಿ ಹೆಣ್ಣಿನ ಅಪ್ಪನ ಕೆಮ್ಮನ್ನೇ ಅವರೆದುರಿಗೆ ಕೆಮ್ಮಿ ಎದ್ದು ಬಂದಿದ್ದ.

ಮವ್ಲುದಾಳಿಗೆ ಬೇಕಾಗಿದ್ದದ್ದು ಒಂದೇ. ಅಡುಗೆಮನೆಯೊಳಗೆ, ನಿಂತುಕೊಂಡು ಪಾತ್ರೆ ತೊಳೆಯಲು ಒಂದು ಸಿಂಕು.

ಆ ಮನೆಗೆ ಇದ್ದದ್ದು ಅಂಗಳದ ನಡುವಿನ ಒಂದೇ ನಲ್ಲಿ. ಅದರ ಕೆಳಗೆ ಕುಕ್ಕರಗಾಲಲ್ಲಿ ಕೂತು ತೊಳೆಯಬೇಕು. ತೊಳೆದ ನೀರನ್ನು ದೊಡ್ಡ ಬೋಗುಣಿಯಲ್ಲಿ ಹೊತ್ತು ಅಂಗಳದ ಆಚೆ ತುದಿಯ ಹಿಪ್ಪುನೇರಳೆ ಮರದ ಬುಡಕ್ಕೆ ಚೆಲ್ಲಬೇಕು. ಚಳಿಗಾಲ ಬಂದರೆ ನಲ್ಲಿಗೆ ಹಳೆಯ ಕಂಬಳಿ ಸುತ್ತುತ್ತಿದ್ದರು, ತೊಳೆಯುವವಳಿಗೆ ಯಾರೂ ಸುತ್ತುತ್ತಿರಲಿಲ್ಲ. ಅವಳ ಬೆರಳ ಸಂದುಗಳು ಒಡೆದು ರಕ್ತ ಜಿನುಗುತ್ತಿತ್ತು. ಕುರಿಕೊಬ್ಬು ಸವರಿಕೊಂಡು, ಕೈಗೆ ಕಾಲುಚೀಲ ಹಾಕಿಕೊಂಡು ಮಲಗುತ್ತಿದ್ದಳು.

ಆ ವರ್ಷ ಮಾಗಿಯ ಮುಂಚೆ ಓಣಿಗೆ ಒಳಚರಂಡಿ ಬಂತು. ಮನೆಗೊಂದೇ ಜೋಡಣೆ ಎಂದರು. ಅಬ್ರೋರ್ ಧೈರ್ಯ ಮಾಡಿ ಅಡುಗೆಮನೆಗೆ ಆನಿಸಿ ಒಂದು ಬಚ್ಚಲು, ಪಾಯಖಾನೆ ಕಟ್ಟಿಸಿದ. ಅಜ್ಜಿಯೂ ಒಪ್ಪಿದಳು. ಹಿತ್ತಿಲ ಕೊನೆಯ ಹಳೇ ಪಾಯಖಾನೆಗೆ ಹಿಮದ ಮೇಲೆ ನಡೆದು ಹೋಗಲು ಅವಳ ಮಂಡಿಗಳು ಎಂದೋ ರಾಜೀನಾಮೆ ಕೊಟ್ಟಿದ್ದವು. ಕೊಳಾಯಿ ಕೆಲಸದ ಸತ್ತೋರ್ ಬಂದು ನೆಲ ಅಗೆದ, ಕೊಳವೆ ಹಾಕಿದ, ಮೇಲೆ ಸಿಮೆಂಟು ಬಳಿದ. ಅಡುಗೆಮನೆಯಲ್ಲಿ ಬಿಳಿಯ ಸಿಂಕು ಕೂತಿತು. ಬಿಸಿನೀರೂ ಬಂತು.

ಮೊದಲ ದಿನ ಮವ್ಲುದಾ ಒಂದೇ ಚಹಾ ಬಟ್ಟಲನ್ನು ಮೂರು ಸಲ ತೊಳೆದಳು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಇಲ್ಹೋಮ್ ಅಣ್ಣನನ್ನು ಕೂಗಿದ.

"ಅಣ್ಣಾ, ನಿನ್ನ ಕಾಲ ಮುಗೀತು! ಅತ್ತಿಗೆಗೆ ಇನ್ನು ನಲ್ಲ ಬೇಡ, ನಲ್ಲಿ ಸಾಕು."

"ನಲ್ಲಿ ತಿರುಗಿಸಿದ ತಕ್ಷಣ ಕೆಲಸ ಮಾಡುತ್ತಪ್ಪ," ಎಂದಳು ಮವ್ಲುದಾ ಹಿಂತಿರುಗದೆ.

ಅಬ್ರೋರ್ ಪೇಪರಿನ ಹಿಂದೆ ಅಡಗಿದ.

ಸುಖ ಕೆಲವು ವಾರ ನಡೆಯಿತು. ಚಳಿ ಬಿಗಿಯಾಯಿತು. ಒಂದು ಗುರುವಾರ ಅಬ್ರೋರನ ಶಾಲೆಯವರು ಊಟಕ್ಕೆ ಬಂದರು. ಮವ್ಲುದಾ ಕುರಿಯ ಬಾಲದ ಕೊಬ್ಬು ಕರಗಿಸಿ, ಗಜ್ಜರಿ ಹೆಚ್ಚಿ ಹಾಕಿ, ದೊಡ್ಡ ಕಡಾಯಿಯಲ್ಲಿ ಪಲಾವ್ ಮಾಡಿದಳು. ಊಟ ಮುಗಿಯಿತು, ಅತಿಥಿಗಳು ಹರಸಿ ಹೋದರು, ಕಡಾಯಿ ಸಿಂಕಿಗೆ ಬಂತು. ಅಜ್ಜಿ ಪ್ರಾರ್ಥನೆಗೆ ಮುಂಚೆ ಕೈಕಾಲು ತೊಳೆಯಲು ಬಚ್ಚಲಿಗೆ ಹೋದವಳು ಅಲ್ಲಿಂದಲೇ ಕೂಗಿದಳು.

"ಅಬ್ರೋರ್! ಯಾರೋ ಇದು, ಬಚ್ಚಲಲ್ಲಿ ಊಟ ಮಾಡಿರೋದು?"

ನೆಲದ ಜಾಲರಿಯಿಂದ ಜಿಡ್ಡು ನೀರು ಉಕ್ಕಿ ಬಂದಿತ್ತು. ನೀರಿನ ಮೇಲೆ ಅನ್ನದ ಅಗುಳು, ಗಜ್ಜರಿ ಎಳೆಗಳು ತೇಲುತ್ತಿದ್ದವು. ತೇಲುತ್ತ ತೇಲುತ್ತ ಪಾಯಖಾನೆಯ ಬುಡದ ತನಕ ಹೋಗಿದ್ದವು.

ಸತ್ತೋರ್ ಸಂಜೆಯೊಳಗೆ ಸುರುಳಿ ತಂತಿ ಹಿಡಿದು ಬಂದ. ಬಾಯಲ್ಲಿ ಯಾವಾಗಲೂ ಸಿಗರೇಟಿದ್ದ ಕಾರಣ ಅವನ ಮಾತೆಲ್ಲ ಮೂಗಿನಿಂದಲೇ ಬರುತ್ತಿತ್ತು.

"ಇಲ್ಲೇ ನೋಡಿ ಮೇಷ್ಟ್ರೇ. ಅಡುಗೆಮನೆ ಪೈಪು ಬಂದು ಪಾಯಖಾನೆ ಪೈಪಿಗೆ ಸೇರೋದು ಈ ಮೂಲೇಲಿ. ಕೊಬ್ಬು ಹೆಪ್ಪುಗಟ್ಟಿಬಿಟ್ಟಿದೆ."

"ಸ್ವಲ್ಪ ಮೆಲ್ಲಗೆ ಹೇಳಪ್ಪಾ."

"ಯಾಕೆ, ಪೈಪಿಗೆ ಬೇಜಾರಾಗುತ್ತಾ?"

"ಯಾವುದು ಬಂದು ಯಾವುದಕ್ಕೆ ಸೇರೋದು?" ಎಂದಿತು ಹಿಂದಿನಿಂದ ಒಂದು ದನಿ. ರಿಸೋಲತ್ ಅಜ್ಜಿ ನಿಂತಿದ್ದಳು.

ಸತ್ತೋರನೇ ಉಪಕಾರ ಮಾಡುವವನ ಹಾಗೆ ಎರಡು ತೋರುಬೆರಳುಗಳನ್ನು ಜೋಡಿಸಿ ತೋರಿಸಿದ. "ಎರಡೂ ಒಂದೇ ಅಜ್ಜೀ. ಮನೆಗೊಂದೇ ಬಾಯಿ ಅಲ್ವಾ?"

ಅಜ್ಜಿ ಬಗ್ಗಿ, ನೆಲದ ಮೇಲಿದ್ದ ಅಗುಳುಗಳನ್ನು ಒಂದೊಂದಾಗಿ ಆರಿಸಿ ಅಂಗೈಗೆ ಹಾಕಿಕೊಳ್ಳತೊಡಗಿದಳು. ಮವ್ಲುದಾ ತಡೆಯಲು ಹೋದರೆ ಕೈ ತಳ್ಳಿದಳು.

"ಉವೋಲ್ ಕಣೋ ಇದು, ಉವೋಲ್! ಅನ್ನದ ಶಾಪ ತಟ್ಟುತ್ತೆ ಈ ಮನೆಗೆ. ರೊಟ್ಟಿ ಚೂರು ಕಾಲಿಗೆ ಸಿಗಬಾರದು ಅಂತ ಎತ್ತಿ ಗೋಡೆ ಮೇಲಿಡೋ ಜನ ನಾವು. ಇಷ್ಟು ವಾರದಿಂದ ನಾನು ತಿಂದು ಉಳಿದದ್ದು ಇಲ್ಲಿಗೆ ಬರ್ತಿತ್ತಾ? ಇದರ ಜೊತೆಗೆ?"

"ಅಮ್ಮಾ, ಊರಾಚೆ ಹೋದ ಮೇಲೆ ಎಲ್ಲಾ ಒಂದೇ," ಎಂದ ಅಬ್ರೋರ್.

"ಊರಾಚೆ ಹೋದ ಮೇಲೆ ನಾನೂ ನಿಮ್ಮಪ್ಪನೂ ಒಂದೇ. ಅಲ್ಲೀವರೆಗೆ ಬೇರೆ ಬೇರೆ."

"ಅಜ್ಜೀ, ಹೊಟ್ಟೆಯೊಳಗೆ ಹೋದ ಅನ್ನಾನೂ ಕೊನೆಗೆ ಅದೇ ಆಗೋದಲ್ವಾ?" ಮುನೀಸಾ ಕೇಳಿಯೇಬಿಟ್ಟಳು.

"ಮುನೀಸಾ!" ಅಪ್ಪ ಗದರಿದ.

"ಕೇಳಲಿ ಬಿಡು. ಹೊಟ್ಟೆ ದೇವರು ಹಾಕಿದ ಕೊಳವೆ ಮಗಳೇ. ಇದು ಸತ್ತೋರ್ ಹಾಕಿದ್ದು."

"ಸದ್ಯ, ಅದಲುಬದಲು ಆಗಲಿಲ್ಲ," ಎಂದ ಇಲ್ಹೋಮ್. "ಕೂಡು ಕುಟುಂಬಕ್ಕೆ ಕೂಡು ಕೊಳವೆ. ತಪ್ಪೇನಮ್ಮಾ?"

ಅಜ್ಜಿ ನಗಲಿಲ್ಲ. ಅಂಗೈಯ ಅಗುಳುಗಳನ್ನು ತೊಳೆದು ಗೋಡೆಯ ಮೇಲೆ ಗುಬ್ಬಚ್ಚಿಗಳಿಗೆ ಹಾಕಿ ಬಂದಳು. ಬಂದು ತನ್ನ ಕೋಣೆಯ ಹೊಸ್ತಿಲಲ್ಲಿ ನಿಂತು ಹೇಳಿದಳು. "ನಮ್ಮಮ್ಮ ಯುದ್ಧದ ವರ್ಷ ಹೊಟ್ಟು ಬೇಯಿಸಿ ತಿಂದು ಬದುಕಿದವಳು. ಸಾಯೋವರೆಗೂ ಊಟದ ಬಟ್ಟೆ ಕೊಡವಿದವಳಲ್ಲ. ಬೆರಳು ಒದ್ದೆ ಮಾಡ್ಕೊಂಡು ಒಂದೊಂದೇ ಚೂರು ಎತ್ತಿ ಬಾಯಿಗೆ ಹಾಕ್ಕೊಳ್ಳೋಳು. ನಾಳೆ ಅವಳ ಮುಖ ನಾನು ಹೇಗೆ ನೋಡಲಿ? ಆ ಸಿಂಕಲ್ಲಿ ತೊಳೆದ ಬಟ್ಟಲನ್ನ ನನ್ನ ಮುಂದೆ ಇಡಬೇಡಿ."

ಇಟ್ಟರು. ಅವಳು ಮುಟ್ಟಲಿಲ್ಲ.

ಮಾರನೆಯ ದಿನದಿಂದ ಅಜ್ಜಿ ತನ್ನದೇ ಒಂದು ಬಟ್ಟಲು, ಒಂದು ಚಮಚ ಇಟ್ಟುಕೊಂಡಳು. ಚಹಾ, ಒಣರೊಟ್ಟಿ, ಒಂದಿಷ್ಟು ದ್ರಾಕ್ಷಿ. ಕುಡಿದಾದ ಮೇಲೆ ಗೋಡೆ ಹಿಡಿದುಕೊಂಡು ಅಂಗಳಕ್ಕೆ ಇಳಿದು, ಕಂಬಳಿ ಬಿಚ್ಚಿ, ತಣ್ಣೀರಲ್ಲಿ ತಾನೇ ತೊಳೆದುಕೊಳ್ಳುವಳು. ಸೂಪಿನ ಪರಿಮಳ ಅವಳ ಬಾಗಿಲ ತನಕ ಹೋಗಿ ಹಿಂತಿರುಗುತ್ತಿತ್ತು.

ಅಬ್ರೋರ್ ಶುಕ್ರವಾರದ ಪ್ರಾರ್ಥನೆ ಮುಗಿಸಿ ಮಸೀದಿಯ ಇಮಾಮರನ್ನು ಕೇಳಿದ. ಅವರು ಗಡ್ಡ ನೀವಿಕೊಂಡು, ಶಾಸ್ತ್ರಕ್ಕೆ ಇದರಲ್ಲಿ ಅಡ್ಡಿಯೇನೂ ಇಲ್ಲ ಎಂದರು. ಆಮೇಲೆ ಆಚೀಚೆ ನೋಡಿ, "ನಮ್ಮ ಮನೇಲೂ ಅದೇ ಕೊಳವೆ. ನಮ್ಮ ಅತ್ತೆಗೆ ಇನ್ನೂ ಹೇಳಿಲ್ಲ. ನೀವೂ ಹೇಳಬೇಡಿ," ಎಂದರು.

"ಇಮಾಮರು ಪರವಾಗಿಲ್ಲ ಅಂದ್ರಮ್ಮಾ."

"ಯಾವ ಇಮಾಮರು? ಆ ಹುಡುಗನಾ? ಅವರಮ್ಮನಿಗೆ ಪಾತ್ರೆ ತೊಳೆಯೋದು ಕಲಿಸಿದ್ದೇ ನಾನು."

ಸತ್ತೋರನನ್ನು ಕರೆಸಿ ಬೇರೆ ಕೊಳವೆ ಎಳೆಯಲು ಆದೀತೆ ಎಂದೂ ಕೇಳಿದ್ದಾಯಿತು. ಬೀದಿಯಲ್ಲಿ ಇನ್ನೊಂದು ಜೋಡಣೆ ಕೊಡುವುದಿಲ್ಲ. ಮರದ ಬುಡಕ್ಕೆ ಬಿಡೋಣವೆಂದರೆ ಅದು ಅಡುಗೆಮನೆಗಿಂತ ಎತ್ತರ. "ನೀರಿಗೆ ಹತ್ತೋಕೆ ಮೆಟ್ಟಿಲು ನಾನು ಕಟ್ಟಿಕೊಡಲಾರೆ ಮೇಷ್ಟ್ರೇ," ಎಂದು ಸತ್ತೋರ್ ಮೂಗಿನಿಂದ ಹೇಳಿ ಹೋದ.

ಪಕ್ಕದ ಮನೆಯ ಕುಮ್ರಿ ಗೋಡೆಯ ಮೇಲಿಂದ ಇಣುಕಿದಳು. "ಏನೇ ಹೊಸ ಸೊಸೆ, ಅತ್ತೆ ಈ ಚಳೀಲಿ ಅಂಗಳದಲ್ಲಿ ಬಟ್ಟಲು ತೊಳೀತಿದಾರೆ? ನೀನು ಒಳಗೆ ಬಿಸಿನೀರಲ್ಲಿ ಕೈ ಬೆಚ್ಚಗೆ ಮಾಡ್ಕೊಂಡು ನಿಂತಿದೀಯಂತೆ?"

ಆವತ್ತು ಮಧ್ಯಾಹ್ನ ಮವ್ಲುದಾ ಗಂಡನ ಮುಂದೆ ಬಂದು ನಿಂತಳು.

"ಮುನೀಸಾನ ಅಪ್ಪಾ, ಏನಾದ್ರೂ ಮಾಡಿ."

"ಏನು ಮಾಡ್ಲಿ?"

"ಅದನ್ನೇ ನಾನೂ ಕೇಳ್ತಿರೋದು."

"ಅಮ್ಮನಿಗೆ ನಾನು ಹೇಳೋಕಾಗುತ್ತಾ? ನಿನಗಾದ್ರೂ ಸ್ವಲ್ಪ ದಿನ..."

"ಸ್ವಲ್ಪ ದಿನ ಏನು? ಹೇಳಿ, ಪೂರ್ತಿ ಹೇಳಿ."

ಮವ್ಲುದಾ ಸಿಂಕಿನ ತೂತಿಗೆ ಒಂದು ಬಟ್ಟೆ ತುರುಕಿದಳು. ಮೂಲೆಯಲ್ಲಿ ಮಗುಚಿಟ್ಟಿದ್ದ ಬೋಗುಣಿಯನ್ನು ಎತ್ತಿಕೊಂಡು ಅಂಗಳದ ನಲ್ಲಿಗೆ ನಡೆದಳು. ಆ ರಾತ್ರಿ ಅಜ್ಜಿ ಎಲ್ಲರ ಜೊತೆ ಕೂತು ಸೂಪು ಕುಡಿದಳು. ಎರಡನೆಯ ಸಲ ಹಾಕಿಸಿಕೊಂಡಳು ಕೂಡ. ಹಿಮ ಬಿದ್ದಿತ್ತು. ಬೋಗುಣಿ ಹೊತ್ತು ಮರದ ತನಕ ಹೋಗಿಬಂದ ಮವ್ಲುದಾಳ ಚಪ್ಪಲಿಯ ಗುರುತುಗಳು ಅಂಗಳದ ಉದ್ದಕ್ಕೂ ಹೊಲಿಗೆ ಹಾಕಿದ ಹಾಗೆ ಕಾಣುತ್ತಿದ್ದವು.

"ಅಮ್ಮಾ, ಸಿಂಕಿಗೆ ಯಾಕೆ ಬಟ್ಟೆ ತುರುಕಿದೀಯ?" ಮುನೀಸಾ ಕೇಳಿದಳು.

"ಅದರ ಬಾಯಿ ಮುಚ್ಚಿಸೋಕೆ. ಈ ಮನೇಲಿ ಬೇರೆ ಯಾರ ಬಾಯೀನೂ ಮುಚ್ಚಿಸೋಕೆ ನನ್ನ ಕೈಲಾಗಲ್ಲ."

"ಅಪ್ಪ ಏನೂ ಹೇಳಲ್ವಾ?"

"ನಿಮ್ಮಪ್ಪನ ಬಾಯಿ ಮೊದಲಿಂದಲೂ ಮುಚ್ಚೇ ಇದೆ."

ಹೀಗೆ ವಾರಗಳು ಹೋದವು. ಬೆರಳ ಸಂದುಗಳು ಮತ್ತೆ ಒಡೆದವು. ಒಂದು ದಿನ ರೊಟ್ಟಿಯ ಹಿಟ್ಟು ನಾದುವಾಗ ಹಿಟ್ಟಿನ ಮೇಲೆ ಕೆಂಪು ಗೀಟು ಮೂಡಿತು. ಮವ್ಲುದಾ ಆ ತುಂಡನ್ನು ಕಿತ್ತು ಎಸೆಯಲೂ ಆಗದೆ, ಅನ್ನವಲ್ಲವೆ, ಬಾಣಲೆಯಲ್ಲಿ ಸುಟ್ಟು ತಾನೇ ತಿಂದಳು. ಚಹಾಕ್ಕೆಂದು ಅಡುಗೆಮನೆಗೆ ಬಂದಿದ್ದ ಇಲ್ಹೋಮ್ ಅದನ್ನು ನೋಡಿದ. ಆವತ್ತು ಅವನಿಗೆ ಯಾವ ಹಾಸ್ಯವೂ ಹೊಳೆಯಲಿಲ್ಲ. ಒಂದು ಉಪಾಯ ಹೊಳೆಯಿತು. ಹಾಸ್ಯ ಹೊಳೆದಿದ್ದರೇ ವಾಸಿಯಿತ್ತು. ಅಣ್ಣನನ್ನೂ ಅಡುಗೆಮನೆಗೆ ಕರೆದ.

"ಅತ್ತಿಗೇ, ಅಮ್ಮನಿಗೆ ಬೇಕಾಗಿರೋದು ಕೊಳವೆ ಬೇರೆ ಆಗೋದಲ್ಲ. ಬೇರೆ ಕೊಳವೆ ಕಾಣೋದು."

"ಅಂದ್ರೆ?"

"ಅಡುಗೆಮನೆ ಗೋಡೆಯಿಂದ ಮರದ ತನಕ ಒಂದು ಪೈಪು. ಗೋಡೆ ಮೇಲೇ, ಎಲ್ಲರಿಗೂ ಕಾಣೋ ಹಾಗೆ. ಸಿಂಕಿನ ನೀರು ಈಗ ಹೋಗೋ ಕಡೆ ಹೋಗ್ತಾನೇ ಇರಲಿ. ಈ ಪೈಪು ಸುಮ್ಮನೆ, ಮೆರವಣಿಗೆ ಕುದುರೆ."

"ಮರದ ಬುಡದಲ್ಲಿ ನೀರು ಕಾಣದಿದ್ರೆ ಅತ್ತೆ ನಂಬ್ತಾರಾ?"

ಇಲ್ಹೋಮ್ ತಲೆ ಕೆರೆದುಕೊಂಡ. "ಅಡುಗೆಮನೆ ಹಿಂದೆ, ರೊಟ್ಟಿ ಒಲೆ ಪಕ್ಕ ಒಂದು ಆಲಿಕೆ ಇಡೋಣ. ಅಲ್ಲಿಗೆ ಅಮ್ಮ ಬರಲ್ಲ. ಪಾತ್ರೆ ತೊಳೆದಾಗೆಲ್ಲ ಒಂದೇ ಒಂದು ಬಕೆಟ್ ನೀರು ಹಾಕಿಬಿಟ್ರೆ ಆಯ್ತು."

"ಯಾರು ಹಾಕೋದು?"

ಅಣ್ಣತಮ್ಮಂದಿರು ಒಬ್ಬರನ್ನೊಬ್ಬರು ನೋಡಿಕೊಂಡರು. ಆ ನೋಟದಲ್ಲಿಯೇ ಉತ್ತರವಿತ್ತು. ಆದರೂ ಮವ್ಲುದಾ ಒಪ್ಪಿದಳು. ಒಳಗೆ ನಿಂತು, ಬಿಸಿನೀರಲ್ಲಿ ತೊಳೆಯಬಹುದಲ್ಲ. ಅದಕ್ಕಾಗಿ ಒಂದು ಬಕೆಟ್ ತಣ್ಣೀರು ಸುರಿಯುವುದು ಏನು ಮಹಾ?

ಭಾನುವಾರ ಅಣ್ಣತಮ್ಮಂದಿರೇ ಏಣಿ ಹಾಕಿಕೊಂಡು ಬೂದು ಬಣ್ಣದ ಪೈಪನ್ನು ಗೋಡೆಗುಂಟ ಕಟ್ಟಿದರು. ಆಲಿಕೆ ತಲೆಯೆತ್ತರಕ್ಕೆ ಕೂತಿತು, ಇಲ್ಲವಾದರೆ ನೀರು ಮರದ ಕಡೆ ಹರಿಯುತ್ತಿರಲಿಲ್ಲ. ಅಜ್ಜಿ ಅಂಗಳದ ಮಂಚದ ಮೇಲೆ ರಜಾಯಿ ಹೊದ್ದು, ಚಹಾ ಕುಡಿಯುತ್ತ ನೋಡಿದಳು. ಇಲ್ಹೋಮ್ ಬಾಯಿಗೊಂದು ಕಡ್ಡಿ ಕಚ್ಚಿಕೊಂಡು ಸತ್ತೋರನ ದನಿಯಲ್ಲಿ, ಮೂಗಿನಿಂದ, ವಿವರಿಸಿದ.

"ನೋಡೀ ಅಜ್ಜೀ, ಇದು ಬೇರೆ, ಅದು ಬೇರೆ. ಇದು ಅದರ ಮುಖಾನೂ ನೋಡಲ್ಲ. ಬದ್ಧ ವೈರಿಗಳು!"

"ನನ್ನ ಮಕ್ಕಳು ಜಾಣರು," ಎಂದಳು ಅಜ್ಜಿ.

ಮೊದಲ ಸಲ ನೀರು ಬಿಡುವಾಗ ತಾನೇ ಮರದ ಬುಡದಲ್ಲಿ ನಿಲ್ಲುತ್ತೇನೆಂದು ಹಟ ಮಾಡಿದಳು. ಕಡಾಯಿ ತೊಳೆದ ಬಿಸಿನೀರು ಮಣ್ಣಿಗೆ ಬೀಳುತ್ತದೆ. ಕಣ್ಣಿಗೆ ಕಾಣದ ಜಿನ್ನುಗಳು ಅಲ್ಲಿ ಇದ್ದರೆ ಸುಟ್ಟೀತು. ಬಿಸ್ಮಿಲ್ಲಾ ಎಂದು ಎಚ್ಚರಿಸಬೇಕಲ್ಲ. ಅಡುಗೆಮನೆಯ ಹಿಂದೆ ಮವ್ಲುದಾ ತರಕಾರಿ ಪೆಟ್ಟಿಗೆಯ ಮೇಲೆ ಹತ್ತಿ, ಬಕೆಟ್ಟನ್ನು ತಲೆಯ ಮೇಲಕ್ಕೆತ್ತಿ ಸುರಿದಳು. ಅರ್ಧ ಆಲಿಕೆಗೆ, ಅರ್ಧ ತೋಳಿನೊಳಗೆ.

"ಬಿಸ್ಮಿಲ್ಲಾ! ಬಂತು, ಬಂತು!" ಅಂಗಳದ ಆಚೆಯಿಂದ ಅಜ್ಜಿಯ ದನಿ ಕೇಳಿತು. ಆಮೇಲೆ ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಅವಳು ಎರಡೂ ಅಂಗೈಗಳನ್ನು ಎತ್ತಿ ಮಕ್ಕಳಿಗೂ ಸೊಸೆಗೂ ಒಳ್ಳೆಯದಾಗಲಿ ಎಂದು ಉದ್ದನೆಯ ಪ್ರಾರ್ಥನೆ ಮಾಡಿದಳು.

ಆ ರಾತ್ರಿ ಊಟಕ್ಕೆ ನೂಡಲ್ಸು, ನಗು, ಎಲ್ಲವೂ ಇತ್ತು. ಅಜ್ಜಿ ಸಿಂಕಲ್ಲಿ ತೊಳೆದ ಬಟ್ಟಲಲ್ಲೇ ಚಹಾ ಕುಡಿದಳು. ಅಷ್ಟೇ ಅಲ್ಲ, ಊಟವಾದ ಮೇಲೆ ಎಲ್ಲರ ತಟ್ಟೆಗಳನ್ನೂ ತನ್ನ ಮುಂದೆ ಎಳೆದುಕೊಂಡು, ರೊಟ್ಟಿಯ ಚೂರಿನಿಂದ ಒರೆಸಿ ಒರೆಸಿ ತಿಂದು, ಕನ್ನಡಿಯ ಹಾಗೆ ಮಾಡಿ ಸೊಸೆಯ ಕೈಗೆ ಕೊಟ್ಟಳು. ಅಮ್ಮನಿಗೆ ಹಸಿವು ಮರಳಿತು ಎಂದು ಅಬ್ರೋರನ ಕಣ್ಣು ತುಂಬಿ ಬಂತು.

ಸುಳ್ಳು ಹೇಳುವುದು ಸುಲಭ, ಅದಕ್ಕೆ ದಿನಾ ನೀರು ಹಾಕುವುದು ಕಷ್ಟ. ಬೆಳಗಿನ ಚಹಾಕ್ಕೊಂದು ಬಕೆಟ್, ಮಧ್ಯಾಹ್ನಕ್ಕೊಂದು, ಸಂಜೆಗೆ ಎರಡು. ಮೊದಲು ಮವ್ಲುದಾ ಪಾತ್ರೆ ತೊಳೆದ ನೀರನ್ನು ಹೊರುತ್ತಿದ್ದಳು. ಈಗ ಪಾತ್ರೆ ತೊಳೆದ ನೀರಿನ ವೇಷ ಹಾಕಿದ ನೀರನ್ನು ಹೊರುತ್ತಿದ್ದಳು. ಮೊದಲು ಬೋಗುಣಿ ಸೊಂಟದ ಮೇಲಿತ್ತು. ಈಗ ಬಕೆಟ್ಟು ತಲೆಯ ಮೇಲೆ. ನೆಂಟರು ಬಂದ ದಿನವಂತೂ ಕೇಳುವುದೇ ಬೇಡ.

ಅಜ್ಜಿಯೂ ಸುಮ್ಮನಿರಲಿಲ್ಲ. "ಏನಮ್ಮಾ ಸೊಸೆ, ಇವತ್ತು ಮರಕ್ಕೆ ಕಮ್ಮಿ ಬಂತಲ್ಲ? ಪಾತ್ರೆ ಸರಿಯಾಗಿ ತೊಳೀಲಿಲ್ವಾ?"

"ಇವತ್ತು ಪಾತ್ರೆ ಕಮ್ಮಿ ಇತ್ತು ಅತ್ತೇ."

"ಪಲಾವ್ ಕಡಾಯಿ ಇತ್ತಲ್ಲ? ಅದಕ್ಕೇ ಒಂದು ಬಕೆಟ್ ಬೇಕು."

ಮವ್ಲುದಾ ಹಿಂದಕ್ಕೆ ಹೋಗಿ ಇನ್ನೊಂದು ಬಕೆಟ್ ಸುರಿದಳು. ಇಲ್ಹೋಮ್ ಊಟದ ಮುಂದೆ ಅಮ್ಮನ ದನಿಯಲ್ಲೇ, "ಏನಮ್ಮಾ ಸೊಸೆ, ಮರಕ್ಕೆ ಬಾಯಾರಿಕೆ," ಎಂದು ಅಣಕಿಸಿದ. ಎಲ್ಲರೂ ನಕ್ಕರು, ಅಜ್ಜಿಯೂ ನಕ್ಕಳು. ಮವ್ಲುದಾ ಚಹಾ ಬಗ್ಗಿಸುತ್ತಿದ್ದಳು.

"ಈ ಪೈಪು ತೆಗೆದುಬಿಡಿ," ಎಂದಳು ಗಂಡನಿಗೆ ಒಂದು ದಿನ. "ನಾನು ಅಂಗಳದಲ್ಲೇ ತೊಳೀತೀನಿ. ಇದಕ್ಕಿಂತ ಅದೇ ವಾಸಿ."

"ಯಾಕೆ ತೆಗೆದ್ರಿ ಅಂತ ಅಮ್ಮ ಕೇಳಿದ್ರೆ?"

"ನಿಜ ಹೇಳಿ."

"ನಿಜ ಹೇಳಿದ್ರೆ ಮತ್ತೆ ಊಟ ಬಿಡ್ತಾರೆ. ಈ ವಯಸ್ಸಲ್ಲಿ ಮಕ್ಕಳೇ ಮೋಸ ಮಾಡಿದ್ರು ಅಂತ ಗೊತ್ತಾದ್ರೆ... ನೀನೇ ಹೇಳು, ಏನು ಮಾಡೋಣ?"

ಮವ್ಲುದಾ ಬಕೆಟ್ಟು ಎತ್ತಿಕೊಂಡಳು.

ಆಲಿಕೆಯಿಂದ ಹೊರಚೆಲ್ಲಿದ ನೀರು ಅಡುಗೆಮನೆಯ ಹಿಂದೆ ದಿನಾ ಹೆಪ್ಪುಗಟ್ಟುತ್ತಿತ್ತು. ಬೂದಿ ಹಾಕಿದರೆ ಬೂದಿಯ ಮೇಲೊಂದು ಪದರ. ಫೆಬ್ರವರಿಯ ಒಂದು ಬೆಳಗ್ಗೆ, ಕಾಲು ಮೇಲಿಟ್ಟ ಕೂಡಲೇ ತರಕಾರಿ ಪೆಟ್ಟಿಗೆ ಗಾಜಿನ ಮೇಲಿನ ಸಾಬೂನಿನಂತೆ ಜಾರಿತು. ಬಕೆಟ್ಟು ಗೋಡೆಗೆ ಬಡಿಯಿತು. ಮವ್ಲುದಾ ಬಲಗೈ ಊರಿ ಬಿದ್ದಳು.

ಕೂಗು ಕೇಳಿ ಎಲ್ಲರೂ ಓಡಿ ಬಂದರು. ಅಜ್ಜಿಯೂ ಗೋಡೆ ಹಿಡಿದುಕೊಂಡು ಬಂದಳು. ಅಡುಗೆಮನೆಯ ಹಿಂದಕ್ಕೆ, ಆ ಚಳಿಗಾಲ ಮೊದಲ ಸಲ.

"ಇಲ್ಲಿ ಏನು ಮಾಡ್ತಿದ್ದೆ ಮಗಳೇ?"

"ಬಟ್ಟೆ... ಬಟ್ಟೆ ಒಣಹಾಕೋಕೆ ಬಂದಿದ್ಲು," ಎಂದ ಅಬ್ರೋರ್. ಅಲ್ಲಿ ಹಗ್ಗವೂ ಇರಲಿಲ್ಲ, ಬಟ್ಟೆಯೂ ಇರಲಿಲ್ಲ. ಅಜ್ಜಿ ಆಲಿಕೆಯನ್ನು ನೋಡಿದಳು, ಬಕೆಟ್ಟನ್ನು ನೋಡಿದಳು, ಸೊಸೆಯ ಊದಿಕೊಳ್ಳುತ್ತಿದ್ದ ಮಣಿಕಟ್ಟನ್ನು ನೋಡಿದಳು. "ಬೇಗ ಆಸ್ಪತ್ರೆಗೆ ಕರ್ಕೊಂಡು ಹೋಗ್ರೋ, ನಿಂತ್ಕೊಂಡು ಏನು ನೋಡ್ತೀರ," ಎಂದಳು.

ಮಣಿಕಟ್ಟು ಮುರಿದಿತ್ತು. ಪ್ಲಾಸ್ಟರು ಹಾಕಿದರು. ಮಧ್ಯಾಹ್ನ ಮನೆಗೆ ಬರುವಾಗ ಕಾರಿನಲ್ಲಿ ಮವ್ಲುದಾ ಕೇಳಿದ್ದು ಒಂದೇ ಮಾತು: "ಸಂಜೆ ಬಕೆಟ್ಟು ಯಾರು ಹಾಕೋದು?"

"ನಾನು ಹಾಕ್ತೀನಿ," ಎಂದ ಅಬ್ರೋರ್.

"ನೀವು ಅಡುಗೆಮನೆ ಕಡೆ ತಲೆ ಹಾಕಿದ್ರೆ ಅತ್ತೆಗೆ ಅನುಮಾನ ಬರುತ್ತೆ."

"ಹಾಗಾದ್ರೆ ಇಲ್ಹೋಮ್."

"ಇಲ್ಹೋಮ್‌ಗೆ ಮದುವೆ ಇದೆ," ಎಂದ ಇಲ್ಹೋಮ್. "ನನ್ನದಲ್ಲ."

ಗೇಟು ತೆರೆದು ಒಳಗೆ ಬಂದರೆ ಅಡುಗೆಮನೆಯಲ್ಲಿ ನೀರು ಹರಿಯುವ ಸದ್ದು. ಮುನೀಸಾ ಇರಬೇಕೆಂದುಕೊಂಡರು. ಮುನೀಸಾ ಬಾಗಿಲಲ್ಲಿ ನಿಂತು ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಒಳಗೆ ಸಿಂಕಿನ ಮುಂದೆ, ತೋಳು ಮಡಚಿಕೊಂಡು, ರಿಸೋಲತ್ ಅಜ್ಜಿ ಬೆಳಗಿನ ಪಾತ್ರೆ ತೊಳೆಯುತ್ತಿದ್ದಳು. ಪಕ್ಕದಲ್ಲೊಂದು ತಟ್ಟೆ. ಅದರಲ್ಲಿ ಪಾತ್ರೆಗಳಿಂದ ಆರಿಸಿ ತೆಗೆದ ಅಗುಳು, ರೊಟ್ಟಿ ಚೂರು.

ಮವ್ಲುದಾಳ ಕಣ್ಣು ತಂತಾನೇ ಹಿಂದಿನ ಗೋಡೆಯ ಕಡೆ ಹೋಯಿತು. ಯಾರೂ ಸುರಿಯುತ್ತಿಲ್ಲ. ಮರದ ಬುಡ ಒಣಗಿರುತ್ತದೆ. "ಅತ್ತೇ, ಬಿಡಿ, ನಾನು... ಆ ನೀರು..."

"ಆ ನೀರು ಎಲ್ಲಿಗೆ ಹೋಗುತ್ತೆ ಅಂತ ಗೊತ್ತಮ್ಮಾ," ಎಂದಳು ಅಜ್ಜಿ, ಬಟ್ಟಲನ್ನು ಬೋರಲಿಡುತ್ತ.

"ಯಾವಾಗಿಂದ ಗೊತ್ತು?" ಅಬ್ರೋರನ ದನಿ ಅವನ ತರಗತಿಯ ಹಿಂದಿನ ಬೆಂಚಿನವರ ದನಿಯಂತಿತ್ತು.

"ಮೊದಲನೇ ದಿನದಿಂದ. ಕಡಾಯಿ ತೊಳೆದ ನೀರು ಬಿಸಿಯಾಗಿರುತ್ತೆ ಅಂತ ಬಿಸ್ಮಿಲ್ಲಾ ಹೇಳಿ ಕೈ ಒಡ್ಡಿದೆ. ಹಿಮದ ಥರ ತಣ್ಣಗಿತ್ತು. ಜಿಡ್ಡಿಲ್ಲ, ಸೋಪಿಲ್ಲ. ನಮ್ಮ ಸೊಸೆ ಮಾಡಿದ ಪಲಾವಿನ ಕಡಾಯಿ ಅಷ್ಟು ಚೊಕ್ಕಟವಾಗಿರುತ್ತಾ? ಮೇಲೆ ನೋಡಿದೆ. ಸಿಂಕು ಸೊಂಟದೆತ್ತರ, ಪೈಪು ತಲೆಯೆತ್ತರ. ಭೂಗೋಳದ ಮೇಷ್ಟ್ರೇ, ನಿಮ್ಮ ಶಾಲೆಯಲ್ಲಿ ನೀರು ಮೇಲಕ್ಕೆ ಹರಿಯುತ್ತಾ?"

ಮುನೀಸಾ ಫಕ್ಕನೆ ನಕ್ಕು ನಾಲಗೆ ಕಚ್ಚಿಕೊಂಡಳು.

"ಮತ್ತೆ ಯಾಕಮ್ಮಾ ಹೇಳಲಿಲ್ಲ?"

"ಏನು ಹೇಳಲೋ? ಆ ಭಾನುವಾರ ನೀವಿಬ್ಬರೂ ಏಣಿ ಹತ್ತಿ, ಕೈಯೆಲ್ಲಾ ಮರಗಟ್ಟಿಸಿಕೊಂಡು ಪೈಪು ಕಟ್ಟಿದ್ರಿ. ನನ್ನ ಮಾತಿಗೆ ಈ ಮನೇಲಿ ಅಷ್ಟು ಕಷ್ಟಪಟ್ಟು ಯಾರೂ ಸುಳ್ಳು ಹೇಳಿರಲಿಲ್ಲ. ನಿಮ್ಮಪ್ಪ ಸುಲಭವಾಗೇ ಹೇಳ್ತಿದ್ರು. ನಾನು ಹೇಳಿಬಿಟ್ರೆ ನಿಮ್ಮ ಮುಖ ಎಲ್ಲಿಡ್ತೀರ ಅನ್ನಿಸ್ತು. ಪಾಪ ಇರೋದು ನೀರಲ್ಲಲ್ಲ, ಅಗುಳಲ್ಲಿ. ಅದಕ್ಕೇ ತಟ್ಟೆಗಳನ್ನ ನಾನೇ ಒರೆಸಿ ಕೊಡ್ತಾ ಬಂದೆ. ಹೊಟ್ಟೆ ಬಿರಿಯೋ ಹಾಗೆ ತಿಂದೆ ಕಣ್ರೋ. ಒಂದು ಅಗುಳೂ ಹೋಗಿಲ್ಲ ಆ ಪೈಪಿಗೆ."

ಮವ್ಲುದಾ ನಿಧಾನವಾಗಿ ಕೇಳಿದಳು. "ಅಂದ್ರೆ, ನಾನು ನೀರು ಸುರಿದದ್ದು..."

"ಅದು ನೀನೇ ಸುರಿತಿದ್ದೆ ಅಂತ ಗೊತ್ತಿರಲಿಲ್ಲ ಮಗಳೇ. ಈ ಇಬ್ಬರು ಗಂಡಸರು ಮಾಡಿದ ಸುಳ್ಳಿಗೆ ನೀರೂ ಅವರೇ ಹಾಕ್ತಿದಾರೆ ಅಂದ್ಕೊಂಡಿದ್ದೆ. ಅದಕ್ಕೇ, ನೋಡೋಣ ಎಷ್ಟು ದಿನ ಹೊರ್ತಾರೆ ಅಂತ, ಮರಕ್ಕೆ ಕಮ್ಮಿ ಬಂತು, ಕಮ್ಮಿ ಬಂತು ಅಂತಿದ್ದೆ."

ಮೊದಲು ನಕ್ಕವನು ಇಲ್ಹೋಮ್. ಅವನ ನಗುವಿನಲ್ಲಿ ತಪ್ಪಿತಸ್ಥನ ಕೆಮ್ಮು ಬೆರೆತಿತ್ತು. ಆಮೇಲೆ ಮುನೀಸಾ. ಅಬ್ರೋರ್ ನಗಬೇಕೋ ಬೇಡವೋ ಎಂದು ಅಮ್ಮನ ಮುಖವನ್ನೂ ಹೆಂಡತಿಯ ಮುಖವನ್ನೂ ನೋಡಿದ.

ಮವ್ಲುದಾ ಸಿಂಕಿನ ಅಂಚು ಹಿಡಿದುಕೊಂಡಳು. ಅವಳ ಭುಜ ಒಮ್ಮೆ ಅಲುಗಿತು, ಇನ್ನೊಮ್ಮೆ ಅಲುಗಿತು. ಆಮೇಲೆ ಅವಳು ನಕ್ಕಳು. ಪ್ಲಾಸ್ಟರಿನ ಕೈಯನ್ನು ಎದೆಗೊತ್ತಿಕೊಂಡು, ನೋವಿಗೆ ಮುಖ ಕಿವುಚುತ್ತ, ಕೂತುಬಿಟ್ಟು ನಕ್ಕಳು. ಇಷ್ಟು ವರ್ಷದಲ್ಲಿ ಆ ಮನೆಯಲ್ಲಿ ಅವಳು ಅಷ್ಟು ಗಟ್ಟಿಯಾಗಿ ಮಾತೂ ಆಡಿರಲಿಲ್ಲ. ಇಲ್ಹೋಮನ ನಗು ನಿಂತಿತು, ಮುನೀಸಾಳದೂ ನಿಂತಿತು, ಅವಳದು ನಿಲ್ಲಲಿಲ್ಲ.

ಗೋಡೆಯ ಮೇಲೆ ಕುಮ್ರಿಯ ತಲೆ ಮೂಡಿತು. "ಅಯ್ಯೋ ದೇವರೇ, ಏನಾಯ್ತು? ಯಾರು ಅಳ್ತಿರೋದು?"

"ಯಾರೂ ಅಳ್ತಿಲ್ಲ, ಹೋಗೇ," ಎಂದಳು ರಿಸೋಲತ್ ಅಜ್ಜಿ. ಒದ್ದೆ ಕೈಯಲ್ಲೇ ಸೊಸೆಯ ಬೆನ್ನು ಸವರುತ್ತ, ಮೊದಲಿನಷ್ಟು ಖಚಿತವಿಲ್ಲದ ದನಿಯಲ್ಲಿ ಹೇಳಿದಳು: "ನಮ್ಮ ಸೊಸೆ ನಗ್ತಿದಾಳೆ."

ಮವ್ಲುದಾ ಉಸಿರಿಗೆ ತಡಕಾಡಿ, ಹೌದು ಹೌದೆಂದು ತಲೆಯಾಡಿಸಿ, ಮತ್ತೆ ಮೊದಲಿಗಿಂತ ಜೋರಾಗಿ ಶುರುಮಾಡಿದಳು.